ಕೊಣಾಜೆಯ ಋಣ, ಶನಿವಾರದ ಮೇಜು

1984ರಿಂದ 1986ರವರೆಗೆ ನಾನು ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದಿದೆ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾಗಿದ್ದ ಅದು 1980ರಲ್ಲೇ ಮಂಗಳೂರು ವಿಶ್ವವಿದ್ಯಾನಿಲಯವಾಗಿದ್ದರೂ ನನ್ನ ಅಮ್ಮ ಕೊನೆಯವರೆಗೂ ‘ಪಿ.ಜಿ. ಸೆಂಟರ್’ ಎಂದೇ ಕರೆಯುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದರು. ತೊಡೆಯ ಮೇಲೆ ತಡ್ಪೆ (ಮೊರ) ಇಟ್ಟುಕೊಂಡು ಎಲೆ ಕತ್ತರಿಸಿ, ಸುರುಟಿ, ನೂಲು ಸುತ್ತಿ, ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದು ಕೊಟ್ಟು ಅವರು ತರುತ್ತಿದ್ದ ಮಜೂರಿಯಿಂದಲೇ ನನ್ನ ಬಸ್ಸಿನ ಖರ್ಚು ನಡೆಯುತ್ತಿತ್ತು.

ಓದು ಮುಗಿಯುವ ವರ್ಷ, ಆಗಲೇ ಬ್ಯಾಂಕ್ ನೌಕರಿಯಲ್ಲಿದ್ದ ನಮ್ಮ ವಿಭಾಗದ ಹಿರಿಯರೊಬ್ಬರು ಒಂದು ಭಾನುವಾರ ಬಂದು, ನನ್ನ ಪಕ್ಕದಲ್ಲಿ ಕುಳಿತು, ಬ್ಯಾಂಕ್ ನೇಮಕಾತಿ ಮಂಡಳಿಯ (ಬಿ.ಎಸ್.ಆರ್.ಬಿ.) ಪರೀಕ್ಷೆಯ ಅರ್ಜಿಯ ಒಂದೊಂದು ಅಂಕಣವನ್ನೂ ಓದಿ ಅರ್ಥ ಹೇಳಿ ನನ್ನಿಂದ ತುಂಬಿಸಿದರು. ಇಂಗ್ಲಿಷಿನಲ್ಲಿದ್ದ ಆ ಹಾಳೆಯನ್ನು ಒಬ್ಬನೇ ತುಂಬುವ ಧೈರ್ಯ ನನಗೆ ಇರಲಿಲ್ಲ. ಮುಂದಿನ 36 ವರ್ಷ ನಾನು ಉಂಡ ಅನ್ನಕ್ಕೆ ಆ ಎರಡು ಗಂಟೆಗಳೇ ಮೂಲವೆಂದು ಇಂದಿಗೂ ನಂಬಿದ್ದೇನೆ. ಕೊಣಾಜೆ ಎಂದೊಡನೆ ನನಗೆ ಅಭಿಮಾನ ಉಕ್ಕುವುದಕ್ಕೆ ಆ ಗುಡ್ಡ, ಗ್ರಂಥಾಲಯ, ಗುರುಗಳ ಪಾಠ ಎಲ್ಲವೂ ಕಾರಣಗಳೇ. ಆದರೆ ಮೊದಲ ಕಾರಣ ಆ ಭಾನುವಾರ.

2016ರಲ್ಲಿ, ಓದು ಮುಗಿಸಿ ಮೂವತ್ತು ವರ್ಷವಾದ ನೆನಪಿಗೆ, ಸಹಪಾಠಿಗಳೆಲ್ಲ ಸೇರಿದೆವು. ಏನಾದರೂ ಮಾಡಬೇಕೆಂಬ ಉತ್ಸಾಹದಲ್ಲಿ ಮರುವರ್ಷ ನಗರದ ಸಭಾಂಗಣವೊಂದರಲ್ಲಿ ಸಮಾರಂಭ ಏರ್ಪಡಿಸಿ, ಆರು ಮಂದಿ ಬಡ ವಿದ್ಯಾರ್ಥಿಗಳನ್ನು ವೇದಿಕೆಗೆ ಕರೆದು ಚೆಕ್ ನೀಡಿದೆವು. ಹೆಸರಿನ ಜತೆಗೆ ಅವರ ತಂದೆತಾಯಿಯ ಕಸುಬನ್ನೂ ಓದಿ ಹೇಳಿದವನು ನಾನೇ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹುಡುಗಿ ಬಳಿಗೆ ಬಂದು, “ಸರ್, ಬೀಡಿಯ ವಿಷಯ ಹೇಳಬಾರದಿತ್ತು. ನನ್ನ ಕ್ಲಾಸಿನವರೂ ಬಂದಿದ್ದರು,” ಎಂದಳು. ತಡ್ಪೆಯ ಮಗ್ಗುಲಲ್ಲೇ ಬೆಳೆದ ನನಗೆ ಅದು ಮೊದಲೇ ತಿಳಿಯಬೇಕಾಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ವೇದಿಕೆ, ಫಲಕ, ಫೋಟೊ ಇವು ಯಾವುವೂ ಇನ್ನು ಬೇಡವೆಂದು ಮರುದಿನವೇ ಗೆಳೆಯರಿಗೆ ತಿಳಿಸಿದೆ.

ಹಣ ಕೂಡಿಸುವ ದಾರಿ ನಮ್ಮ ಜಿಲ್ಲೆಗಳಿಗೆ ಹೊಸದೇನಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯು 1928ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಅದನ್ನೇ ಮಾದರಿಯಾಗಿಟ್ಟುಕೊಂಡು, ದಿನಕ್ಕೆ ಹತ್ತು ರೂಪಾಯಿಯ ಲೆಕ್ಕದಲ್ಲಿ ತಿಂಗಳಿಗೆ 300 ರೂಪಾಯಿ ಎಂದು ನಿಶ್ಚಯಿಸಿದೆವು. ಮುಂಬೈಯಲ್ಲಿ ದೊಡ್ಡ ಹೋಟೆಲು ನಡೆಸುವ ಗೆಳೆಯನೂ, ಮೂಡುಬಿದಿರೆಯಲ್ಲಿ ಟ್ಯೂಷನ್ ಹೇಳುವ ಗೆಳತಿಯೂ ಕೊಡಬೇಕಾದದ್ದು ಅಷ್ಟೇ. ಹೆಚ್ಚು ಕೊಡುತ್ತೇನೆಂದವರನ್ನು ವಿನಯದಿಂದಲೇ ತಡೆದೆವು. ಪರೀಕ್ಷಾ ಶುಲ್ಕಕ್ಕೂ ಬಸ್ ಪಾಸಿಗೂ ಇಷ್ಟು ಸಾಕಾಗುತ್ತದೆ.

ಆದರೆ ನಿಜವಾದ ಕೆಲಸ ಹಣದ್ದಲ್ಲ ಎಂಬುದು ಒಂದು ವರ್ಷದೊಳಗೇ ಅರಿವಿಗೆ ಬಂತು. ನಮ್ಮಲ್ಲಿಗೆ ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಹತೆ ಇತ್ತು, ಕೆಲವರಿಗೆ ಮಂಜೂರೂ ಆಗಿತ್ತು. ಹಣ ಮಾತ್ರ ಕೈಸೇರಿರಲಿಲ್ಲ. ಆಧಾರ್ ಮೂಲಕ ಆಗುವ ಪಾವತಿಯು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಯನ್ನು ಅನುಸರಿಸುವುದಿಲ್ಲ. ಆಧಾರ್ ಸಂಖ್ಯೆಯು ರಾಷ್ಟ್ರೀಯ ಪಾವತಿ ನಿಗಮದ (ಎನ್.ಪಿ.ಸಿ.ಐ.) ದಾಖಲೆಯಲ್ಲಿ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಆ ಬ್ಯಾಂಕಿನ ಖಾತೆಗೆ ಹಣ ಹೋಗುತ್ತದೆ. ಶಾಲೆಯಲ್ಲಿದ್ದಾಗ ತೆರೆದ ಖಾತೆ ಎರಡು ವರ್ಷಕ್ಕೂ ಮಿಕ್ಕಿ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿರುತ್ತದೆ. ಎಂದೋ ಯಾರದೋ ಒತ್ತಾಯಕ್ಕೆ ತೆರೆದ ಇನ್ನೊಂದು ಖಾತೆಗೆ ಆಧಾರ್ ಜೋಡಣೆಯಾಗಿರುತ್ತದೆ. ಮಗುವಿಗೆ ಎರಡರ ನೆನಪೂ ಇರುವುದಿಲ್ಲ. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ ಇದ್ದರೂ ಅರ್ಜಿ ನಿಲ್ಲಬಹುದು. 2019 ಮತ್ತು 2020ರಲ್ಲಿ ಕರಾವಳಿಯಲ್ಲೇ ಹುಟ್ಟಿದ ಮೂರು ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದ ಮೇಲೆ ಹಳೆಯ ಪಾಸ್‌ಪುಸ್ತಕಗಳಲ್ಲಿದ್ದ, ಶಾಖೆಯನ್ನು ಗುರುತಿಸುವ ಐ.ಎಫ್.ಎಸ್.ಸಿ. ಸಂಖ್ಯೆಗಳೂ ಬದಲಾದವು. ಇನ್ನು ಬೀಡಿ ಕಾರ್ಮಿಕರ ಮಕ್ಕಳಿಗೆಂದೇ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನವಿದೆ ಎಂಬುದು ಬೀಡಿ ಕಟ್ಟುವ ಎಷ್ಟೋ ಮನೆಗಳಿಗೆ ಗೊತ್ತಿರಲಿಲ್ಲ.

ಇದೆಲ್ಲ ಬ್ಯಾಂಕಿನವನಿಗೆ ದಿನನಿತ್ಯದ ಕೆಲಸ. ನಮ್ಮ ಬಳಗದಲ್ಲಿ ಬ್ಯಾಂಕ್ ನೌಕರರೇ ಏಳು ಮಂದಿ ಇದ್ದೆವು. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ ಇರುವುದರಿಂದ ಆ ದಿನಗಳನ್ನೇ ಗೊತ್ತು ಮಾಡಿದೆವು. ಕೊಣಾಜೆಯ ಹತ್ತಿರದ ಅಸೈಗೋಳಿಯಲ್ಲಿ ಗೆಳೆಯನ ಮನೆಯ ಚಾವಡಿಯೇ ನಮ್ಮ ಕಚೇರಿ. ಒಂದು ಮೇಜು, ಒಂದು ಲ್ಯಾಪ್‌ಟಾಪ್, ಆರು ಕುರ್ಚಿ.

ಮೊದಲು ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನೋಡಿಸುತ್ತೇವೆ. ಅನಂತರ ಆದಾಯ ಪ್ರಮಾಣಪತ್ರವನ್ನು ಗುರುತಿಸುವ ಆರ್.ಡಿ. ಸಂಖ್ಯೆ, ಅಂಕಪಟ್ಟಿಯ ಹೆಸರು, ತಾಯಿಯ ಬೀಡಿ ಕಾರ್ಮಿಕ ಗುರುತುಚೀಟಿ. ನಾವು ಅರ್ಜಿ ತುಂಬುವುದಿಲ್ಲ, ವಿದ್ಯಾರ್ಥಿಯೇ ತುಂಬಬೇಕು, ಒ.ಟಿ.ಪಿ.ಯನ್ನು ನಮಗೆ ಹೇಳಕೂಡದು, ತಾನೇ ಒತ್ತಬೇಕು. ಒಮ್ಮೆ ತಾನೇ ತುಂಬಿದವನು ಮುಂದಿನ ವರ್ಷ ತಂಗಿಯ ಅರ್ಜಿಯನ್ನೂ ತುಂಬಬಲ್ಲ. ಬ್ಯಾಂಕಿಗೆ ಹೋಗಬೇಕಾದಾಗ ಮಾತ್ರ, ಸೋಮವಾರ ನಮ್ಮಲ್ಲಿ ಬಿಡುವಿದ್ದವರು ಜತೆಗೆ ಹೋಗುತ್ತೇವೆ. ಕೌಂಟರಿನ ಈಚೆಗೆ ನಿಂತಾಗ ಆಗುವ ಅಂಜಿಕೆ ಎಂಥದೆಂದು ಆಚೆಗೆ ಕುಳಿತಿದ್ದ ನನಗೆ ಬಹುಕಾಲ ಮರೆತೇ ಹೋಗಿತ್ತು.

ನಮ್ಮ ಬ್ಯಾಚಿನ ಹೆಸರಿನಲ್ಲಿ ಒಂದು ಸ್ವಾಗತ ಕಮಾನು ಕಟ್ಟಿಸೋಣವೆಂದು ಗೆಳೆಯನೊಬ್ಬ ಬಹಳ ದಿನ ಒತ್ತಾಯಿಸಿದ. “ನಾವು ಇಲ್ಲಿ ಓದಿದವರು ಎಂಬ ಗುರುತು ಬೇಡವೇ ಮಾರಾಯ?” ಎಂದು ಅವನು ಕೇಳಿದ್ದರಲ್ಲಿ ತಪ್ಪಿಲ್ಲ, ಓದಿದ ಜಾಗದ ಮೇಲಿನ ಪ್ರೀತಿ ಅವನಿಗೂ ನನ್ನಷ್ಟೇ ಇದೆ. ನಾನು ವಾದಿಸದೆ ಒಂದು ಶನಿವಾರ ಅವನನ್ನು ಚಾವಡಿಗೆ ಕರೆದೆ. ಬಂಟ್ವಾಳದ ಕಡೆಯಿಂದ ಮಗನ ಜತೆಗೆ ಬಂದ ಮಹಿಳೆಯೊಬ್ಬರು ಪ್ಲಾಸ್ಟಿಕ್ ಚೀಲದಿಂದ ಬೀಡಿ ಕಾರ್ಮಿಕರ ಗುರುತುಚೀಟಿಯನ್ನು ತೆಗೆದು, ಸೆರಗಿನಿಂದ ಒರೆಸಿ, ಆ ಗೆಳೆಯನ ಕೈಗೆ ಕೊಟ್ಟರು. ಅವರ ತೋರುಬೆರಳಿನ ತುದಿ ನೂಲು ಸುತ್ತಿ ಸುತ್ತಿ ಗಡುಸಾಗಿತ್ತು. ಅಂದು ಅವನು ಸಂಜೆಯವರೆಗೂ ಎದ್ದು ಹೋಗಲಿಲ್ಲ. ಈಗ ನಾಲ್ಕನೆಯ ಶನಿವಾರದ ಹೊಣೆ ಅವನದೇ.

2023ರಲ್ಲಿ ನಿವೃತ್ತನಾದ ಮೇಲೆ ನನಗೆ ಎಲ್ಲ ಶನಿವಾರಗಳೂ ದೊರೆತಿವೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತಿ, ಪಂಪ್‌ವೆಲ್ ದಾಟಿ, ನೇತ್ರಾವತಿ ಸೇತುವೆಯ ಮೇಲೆ ಹೋಗುವಾಗ ಆ ದಿನ ಬರುವವರ ಪಟ್ಟಿಯನ್ನು ಓದಿಕೊಳ್ಳುತ್ತೇನೆ. ಈ ವಾರದ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿವೆ. ಅದರಲ್ಲಿ ಮೂವರ ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿ ಮುಗಿದಿರುವುದರಿಂದ ಅವರನ್ನು ಮೊದಲು ನಾಡಕಚೇರಿಗೆ ಕಳುಹಿಸಬೇಕಾಗಿದೆ.