ರಾಯಚೂರು ಸೀಮೆಯ ಚುನಾವಣೆ: ಮಾಧ್ಯಮದ ಕೆಲಸ ಎಲ್ಲಿ ಕೆಡುತ್ತದೆ

ಅಭ್ಯರ್ಥಿಯ ಮಾಧ್ಯಮ ಕೆಲಸ ನೋಡಿಕೊಳ್ಳುವವರಿಗೆ ಈ ಮಾತು: ಮೊದಲು ಉತ್ತರ ಸಿದ್ಧವಿರಲಿ, ಬ್ಯಾನರ್ ಆಮೇಲೆ. ಮಾನ್ವಿ, ಸಿರವಾರ ಕಡೆ ಮೈಕ್ ಹಿಡಿದ ವರದಿಗಾರರು ಕೇಳದೆ ಬಿಡದ ಪ್ರಶ್ನೆ ಒಂದೇ: ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಯಾವಾಗ? ಅಭ್ಯರ್ಥಿ ಒಂದು ಹೇಳಿ ವಕ್ತಾರ ಇನ್ನೊಂದು ಹೇಳಿದರೆ, ಎರಡನ್ನೂ ಜೋಡಿಸಿದ ವಿಡಿಯೊ ಸಂಜೆಯೊಳಗೆ ಊರೂರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿರುತ್ತದೆ. ಮಾತಾಡುವವರು ಇಬ್ಬರೇ ಇರಲಿ. ಐದು ಕಠಿಣ ಪ್ರಶ್ನೆಗೆ ಎರಡೆರಡು ಸಾಲಿನ ಉತ್ತರ ಬರೆದು ಇಬ್ಬರ ಜೇಬಿನಲ್ಲೂ ಇಡಿ.

ಅನುಮತಿ ವಿಚಾರದಲ್ಲಿ ಎಡವುವವರು ಬಹಳ. ಟಿವಿ, ಕೇಬಲ್, ಫೇಸ್‌ಬುಕ್ ಜಾಹೀರಾತಿಗೆ ಎಂಸಿಎಂಸಿ (ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ) ಸಮಿತಿಯ ಪೂರ್ವಾನುಮತಿ ಬೇಕು. ಪ್ರಸಾರಕ್ಕೆ ಕನಿಷ್ಠ 3 ದಿನ ಮೊದಲೇ ಅರ್ಜಿ ಕೊಡಿ. ಜೊತೆಗೆ ಜಾಹೀರಾತಿನ 2 ಪ್ರತಿ, ಅದರಲ್ಲಿನ ಮಾತಿನ ದೃಢೀಕರಿಸಿದ ಬರಹ. ಅನುಮತಿ ಸಿಕ್ಕ ಮೇಲೆ ಸಾಲು ಬದಲಿಸಿದರೆ ಮತ್ತೆ ಅರ್ಜಿ. ಪತ್ರಿಕೆ ಜಾಹೀರಾತಿಗೆ ಈ ಪೂರ್ವಾನುಮತಿಯ ನಿಯಮ ಮತದಾನದ ದಿನ ಮತ್ತು ಅದರ ಹಿಂದಿನ ದಿನಕ್ಕೆ ಅನ್ವಯ. ಕರಪತ್ರದಲ್ಲಿ ಮುದ್ರಕರು, ಪ್ರಕಾಶಕರ ಹೆಸರು-ವಿಳಾಸ ಬಿಟ್ಟರೆ ಜನತಾ ಪ್ರಾತಿನಿಧ್ಯ ಕಾಯ್ದೆಯ ಕಲಂ 127ಎ ಅಡಿ 6 ತಿಂಗಳವರೆಗೆ ಜೈಲು, 2,000 ರೂ. ವರೆಗೆ ದಂಡ, ಅಥವಾ ಎರಡೂ.

ಕಾಸು ಕೊಟ್ಟು ಸುದ್ದಿ ಹಾಕಿಸುವ ಆಸೆಯಂತೂ ಬೇಡವೇ ಬೇಡ. ಅದೇ ಫೋಟೊ, ಅದೇ ಹೊಗಳಿಕೆ ಎರಡು ಪತ್ರಿಕೆಯಲ್ಲಿ ಬಂದರೆ ಸಮಿತಿಯ ಕಣ್ಣಿಗೆ ಬೀಳುತ್ತದೆ. ಕಾಸಿನ ಸುದ್ದಿ ಎಂದು ತೀರ್ಮಾನವಾದರೆ ಅದರ ವೆಚ್ಚ ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ.

ಮತದಾನ ಮುಗಿಯುವ ಹೊತ್ತಿಗೆ ಮೊದಲಿನ 48 ಗಂಟೆ ಬಹಿರಂಗ ಪ್ರಚಾರ ನಿಷಿದ್ಧ. ಮುಂಗಡ ಸಮಯ ಹಾಕಿಟ್ಟ ಫೇಸ್‌ಬುಕ್ ಜಾಹೀರಾತುಗಳನ್ನು ಅದಕ್ಕೂ ಮೊದಲೇ ನಿಲ್ಲಿಸಿ, ಮರೆತುಹೋಗುವುದು ಇದೇ.