ಲ್ಯಾಬಿನ ಕೆಂಪು ಪರದೆ ಹೋಗಿದ್ದು ಹೀಗೆ

2017ರ ಮೇ ತಿಂಗಳು. ನಮ್ಮ ಕಾಲೇಜಿನ ಲ್ಯಾಬ್ ಬಾಗಿಲು ತೆಗೆದರೆ 11 ಕಂಪ್ಯೂಟರುಗಳಲ್ಲಿ ಕೆಂಪು ಪರದೆ, 300 ಡಾಲರ್ ಕೊಡಿ ಅಂತ. ಅದೇ ವನ್ನಾಕ್ರೈ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ಸು. ಮೇ 12ರಂದು ಬ್ರಿಟನ್ನಿನ ಆಸ್ಪತ್ರೆಗಳನ್ನೇ ಮಲಗಿಸಿದ್ದು.

ಬೇಜಾರು ಏನಂದ್ರೆ, ಇದನ್ನು ತಡೆಯುವ ಪ್ಯಾಚನ್ನು (ವಿಂಡೋಸಿನ ತೂತು ಮುಚ್ಚುವ ಅಪ್‌ಡೇಟು) ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ನಮ್ಮ ನೆಟ್‌ವರ್ಕ್ ನೋಡಿಕೊಳ್ಳುವವರು 'ನೆಟ್ ಸ್ಲೋ ಆಗುತ್ತೆ' ಅಂತ ಎಲ್ಲಾ ಕಡೆ ವಿಂಡೋಸ್ ಅಪ್‌ಡೇಟ್ ಆಫ್ ಮಾಡಿಟ್ಟಿದ್ದರು. ಅಡ್ಮಿನ್ ಪಾಸ್‌ವರ್ಡ್ ಎಲ್ಲಾ ಮಷೀನಿಗೂ ಒಂದೇ, ಅದೂ ಕಂಪ್ಯೂಟರುಗಳ ಕೇಬಲ್ಲೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಪೆಟ್ಟಿಗೆಯ ಮೇಲೆ ಚೀಟಿಯಲ್ಲಿ! (ಆ ಚೀಟಿ ನಾನೂ ಎರಡು ವರ್ಷ ನೋಡಿಕೊಂಡು ಸುಮ್ನಿದ್ದೆ, ಅದು ಬೇರೆ ಮಾತು.)

ಮೊದಲು ಸ್ವಿಚ್ಚಿನಿಂದ ಕೇಬಲ್ಲುಗಳನ್ನೆಲ್ಲ ಕಿತ್ತೆ. ಈ ಹುಳ ವಿಂಡೋಸ್ ಫೈಲು ಹಂಚಿಕೊಳ್ಳುವ ದಾರಿಯಾದ 445ನೇ ಪೋರ್ಟ್ ಮೂಲಕ ತಾನಾಗಿಯೇ ಪಕ್ಕದ ಮಷೀನಿಗೆ ಹಾರುತ್ತೆ, ಯಾರೂ ಏನೂ ಕ್ಲಿಕ್ ಮಾಡಬೇಕಿಲ್ಲ, ನಮ್ಮಲ್ಲೋ ಲ್ಯಾಬು, ಆಫೀಸು, ಲೈಬ್ರರಿ ಎಲ್ಲಾ ಒಂದೇ ನೆಟ್‌ವರ್ಕು. ಚೆನ್ನಾಗಿದ್ದ ಮಷೀನುಗಳಿಗೆ ಪೆನ್‌ಡ್ರೈವಿನಿಂದ ಪ್ಯಾಚ್ ಹಾಕಿ, ಫೈಲು ಹಂಚಿಕೆಯ ಹಳೇ ವಿಧಾನವಾದ ಎಸ್‌ಎಂಬಿ 1 ಬಂದ್ ಮಾಡಿದೆ. ಎರಡು ದಿನ ಹಿಡಿಯಿತು. ಕೆಟ್ಟ 11ನ್ನು ಫಾರ್ಮ್ಯಾಟ್ ಮಾಡಿ ಮತ್ತೆ ವಿಂಡೋಸ್ ಹಾಕಿದೆ. ದುಡ್ಡು ಕಟ್ಟಲಿಲ್ಲ. ಇಂಟರ್ನಲ್ ಮಾರ್ಕ್ಸ್ ಫೈಲು ಸಿಕ್ಕಿದ್ದು ಬೀರುವಿನಲ್ಲಿದ್ದ ಹಾರ್ಡ್‌ಡಿಸ್ಕಿನಲ್ಲಿ, ಅದೂ ಮೂರು ವಾರ ಹಳೇದು.

ಆಮೇಲೆ ಲ್ಯಾಬು, ಆಫೀಸು ಬೇರೆ ಬೇರೆ ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೇ ಬೇರ್ಪಡಿಸಿದ ನೆಟ್‌ವರ್ಕು) ಆದವು, ನಡುವೆ 445 ಮುಚ್ಚಿದೆವು. ಪಾಸ್‌ವರ್ಡ್ ಬದಲಾಯಿಸಿದೆ. ಮರುವಾರ ನೋಡಿದರೆ ಅದೇ ಪೆಟ್ಟಿಗೆ ಮೇಲೆ ಹೊಸ ಚೀಟಿ.