ಎಲ್‌ಎಸ್‌ಯು 2019: ಒಂದು ಸೀಸನ್ನನ್ನು ಸ್ನ್ಯಾಪ್ ಸ್ನ್ಯಾಪಾಗಿ ಬರೆದುಕೊಂಡ ಬಗೆ

2019ರ ಅಮೆರಿಕನ್ ಕಾಲೇಜು ಫುಟ್‌ಬಾಲ್ ಸೀಸನ್ನಿನಲ್ಲಿ ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿ (ಎಲ್‌ಎಸ್‌ಯು) ತಂಡ ಆಡಿದ ಹದಿನೈದು ಆಟಗಳನ್ನೂ ಗೆದ್ದು 726 ಅಂಕ ಗಳಿಸಿತು. ಚೆಂಡೆಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಜೋ ಬರೋ ಎಸೆದದ್ದು 5,671 ಗಜ, 60 ಟಚ್‌ಡೌನ್ (ಎದುರಾಳಿಯ ಗೋಲ್ ಗೆರೆ ದಾಟಿ ಅಂಕ ಗಳಿಸುವುದು). ಎದುರಾಳಿಯ ಕೈಗೆ ಸಿಕ್ಕ ಪಾಸ್ ಆರೇ ಆರು. ಈ ಅಂಕಿಗಳ ಬೇರು ಕಾಣಬೇಕಾದರೆ ಆಟವನ್ನು ಸ್ನ್ಯಾಪ್ ಸ್ನ್ಯಾಪಾಗಿ, ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುವಾಗುವ ಪ್ರತಿ ಸಲವನ್ನೂ, ಹಾಳೆಗಿಳಿಸಬೇಕು. ಟಿವಿ ರೆಕಾರ್ಡಿಂಗ್‌ನಿಂದಲೇ ನಾನು ಅದನ್ನು ಮಾಡಿದ ಕ್ರಮ ಇಲ್ಲಿದೆ.

ಎಕ್ಸೆಲ್ ಹಾಳೆಯಲ್ಲಿ ಪ್ರತಿ ಸ್ನ್ಯಾಪಿಗೂ ಒಂದು ಸಾಲು. ಎಷ್ಟನೇ ಡೌನ್ (ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಎಷ್ಟನೆಯದು), ಎಷ್ಟು ಗಜ ಬಾಕಿ, ಚೆಂಡು ಎಲ್ಲಿದೆ, ಅಂಕ ಎಷ್ಟು, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಎಲ್ಲಿ ನಿಂತಿದ್ದಾನೆ, ನುಗ್ಗಿ ಬಂದ ರಕ್ಷಕರೆಷ್ಟು, ತಡೆಯಲು ಉಳಿದವರೆಷ್ಟು, ಕೊನೆಗೆ ಸಿಕ್ಕ ಗಜ. ಒಂದೇ ಸಲ ನೋಡಿ ಎಲ್ಲವನ್ನೂ ತುಂಬಲು ಹೋದರೆ ತಪ್ಪು ಖಂಡಿತ. ಮೊದಲ ಸಲ ಸ್ನ್ಯಾಪಿಗೆ ಮುಂಚಿನ ನಿಲುವು, ಎರಡನೇ ಸಲ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಮುಂಚೂಣಿ ಲೈನಿನ ಐವರು, ಮೂರನೇ ಸಲ ಎಸೆತ. ಒಂದು ಆಟಕ್ಕೆ ಐದಾರು ಗಂಟೆ ಬೇಕೇ ಬೇಕು.

ಈ ತಂಡದ ಮಟ್ಟಿಗೆ ಅತಿ ಮುಖ್ಯ ಕಾಲಂ ಎಂದರೆ ರನ್ನಿಂಗ್ ಬ್ಯಾಕ್ ನಿಂತ ಜಾಗ. ಒಬ್ಬ ರನ್ನಿಂಗ್ ಬ್ಯಾಕ್, ಒಬ್ಬ ಟೈಟ್ ಎಂಡ್ (ಲೈನಿನ ತುದಿಯಲ್ಲಿ ನಿಂತು ತಡೆಯುವ, ಪಾಸೂ ಹಿಡಿಯುವವನು), ಪಾಸ್ ಹಿಡಿಯುವ ಮೂವರು ರಿಸೀವರ್: ಎಲ್‌ಎಸ್‌ಯು ಬಹುಪಾಲು ಇದೇ ಐವರನ್ನು ಇಳಿಸುತ್ತಿತ್ತು. ಬದಲಾಗುತ್ತಿದ್ದದ್ದು ಅವರು ನಿಲ್ಲುವ ಜಾಗ. ರನ್ನಿಂಗ್ ಬ್ಯಾಕ್ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಬರೋ ಪಕ್ಕ ಬಿಟ್ಟು ಅಂಚಿಗೆ ಸರಿದಾಗ ಅವನ ಹಿಂದೆ ಯಾರು ಹೋದರು ಅನ್ನುವುದನ್ನು ತಪ್ಪದೆ ಬರೆಯಿರಿ. ನಡುವೆ ನಿಲ್ಲುವ ರಕ್ಷಕ ಲೈನ್‌ಬ್ಯಾಕರ್ ಅಲ್ಲಿಯವರೆಗೂ ಹೋದರೆ ಬಹುತೇಕ ಮ್ಯಾನ್ ಕವರೇಜ್, ಅಂದರೆ ಒಬ್ಬ ರಕ್ಷಕನಿಗೆ ಒಬ್ಬ ಆಟಗಾರ; ಅಂಚಿನ ರಕ್ಷಕ ಕಾರ್ನರ್‌ಬ್ಯಾಕ್ ಅಲ್ಲೇ ನಿಂತು ಅವನನ್ನು ನೋಡಿಕೊಂಡರೆ ಝೋನ್, ಅಂದರೆ ಒಬ್ಬೊಬ್ಬರೂ ಕಾಯುವುದು ಒಂದೊಂದು ಜಾಗ. ಚೆಂಡು ಕೈಗೆ ಬರುವ ಮೊದಲೇ ಬರೋಗೆ ಉತ್ತರ ಸಿಕ್ಕಿರುತ್ತಿತ್ತು. ವೃತ್ತಿಪರ ತಂಡ ನ್ಯೂ ಓರ್ಲಿಯನ್ಸ್ ಸೇಂಟ್ಸ್‌ನಿಂದ ಆ ವರ್ಷ ಬಂದ ಕೋಚ್ ಜೋ ಬ್ರೇಡಿ ಮತ್ತು ದಾಳಿಯ ಹೊಣೆ ಹೊತ್ತ ಆಫೆನ್ಸ್ ಕೋಆರ್ಡಿನೇಟರ್ ಸ್ಟೀವ್ ಎನ್ಸ್‌ಮಿಂಗರ್ ಕಟ್ಟಿದ ಆಟದ ತಿರುಳು ನನ್ನ ಪ್ರಕಾರ ಇದೇ.

ಇದಕ್ಕೆ ತೆರುವ ಬೆಲೆಯೂ ಇದೆ. ಐವರನ್ನೂ ಪಾಸಿಗೆ ಓಡಿಸಿದರೆ ಬರೋನ ಕಾವಲಿಗೆ ಉಳಿಯುವವರು ಲೈನಿನ ಐವರಷ್ಟೇ. ಆರು ಜನ ನುಗ್ಗಿದರೆ ಒಬ್ಬನನ್ನು ತಡೆಯುವವರಿಲ್ಲ. ಅವನು ಬರೋನನ್ನು ತಲುಪುವುದರೊಳಗೆ ಚೆಂಡು ಹೋಗಿರಬೇಕು. ಸೆಪ್ಟೆಂಬರ್ 7ರಂದು ಆಸ್ಟಿನ್‌ನಲ್ಲಿ ಟೆಕ್ಸಸ್ ವಿರುದ್ಧ ಮೂರನೇ ಡೌನ್, 17 ಗಜ ಬಾಕಿ, ಕೊನೆಯ ಮೂರು ನಿಮಿಷದೊಳಗಿನ ಹೊತ್ತು. ಟೆಕ್ಸಸ್ ಬ್ಲಿಟ್ಜ್ ಕಳಿಸಿತು, ಅಂದರೆ ಹೆಚ್ಚುವರಿ ರಕ್ಷಕರನ್ನು ನುಗ್ಗಿಸಿತು. ಬರೋ ಸರಿದು ಎಸೆದ, ರಿಸೀವರ್ ಜಸ್ಟಿನ್ ಜೆಫರ್ಸನ್ ಹಿಡಿದು ಓಡಿದ, 61 ಗಜದ ಟಚ್‌ಡೌನ್. ಆಟ ಮುಗಿದದ್ದು 45-38ಕ್ಕೆ. ಈ ಒಂದು ಸ್ನ್ಯಾಪನ್ನು ಎಷ್ಟು ಸಲ ನೋಡಿದರೂ ಲೈನಿನವರ ಕಾಲುಗಳ ಮೇಲೇ ನನ್ನ ಕಣ್ಣು. ಆ ವರ್ಷ ಅತ್ಯುತ್ತಮ ಆಫೆನ್ಸಿವ್ ಲೈನಿಗೆ ಕೊಡುವ ಜೋ ಮೂರ್ ಪ್ರಶಸ್ತಿ ಅವರಿಗೇ ಬಂತು, ಸಲ್ಲಬೇಕಾದವರಿಗೆ ಸಂದಿತು.

ಹಾಳೆ ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಬೇಕು. ಟಿವಿ ಚೌಕಟ್ಟಿನೊಳಗೆ ಸೇಫ್ಟಿಗಳು, ಅಂದರೆ ಎಲ್ಲರಿಗಿಂತ ಹಿಂದೆ ನಿಲ್ಲುವ ರಕ್ಷಕರು, ಕಾಣುವುದಿಲ್ಲ; ರೀಪ್ಲೇ ಬರುವವರೆಗೆ ಕವರೇಜ್ ಕಾಲಂ ಖಾಲಿ ಇಡಿ, ಊಹಿಸಿ ತುಂಬಬೇಡಿ. ಎಲ್‌ಎಸ್‌ಯು ಬೇಗಬೇಗ ಆಡುತ್ತಿದ್ದುದರಿಂದ ರೀಪ್ಲೇ ನಡುವೆಯೇ ಮುಂದಿನ ಸ್ನ್ಯಾಪ್ ಆಗಿಬಿಡುತ್ತದೆ. ಆದ್ದರಿಂದ ಆಟ ಮುಗಿದ ಮೇಲೆ ನಿಮ್ಮ ಸಾಲುಗಳನ್ನು ಅಧಿಕೃತ ಪ್ಲೇ-ಬೈ-ಪ್ಲೇ (ಪ್ರತಿ ಸ್ನ್ಯಾಪಿನ ದಾಖಲೆ) ಜೊತೆ ತಾಳೆ ಹಾಕಿ. ಆಗಿನ ಕಾಲೇಜು ಲೆಕ್ಕದಲ್ಲಿ ಸ್ಯಾಕ್‌ನಿಂದಾದ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ್ದರಿಂದಾದ) ನಷ್ಟ ಓಟದ ಖಾತೆಗೆ ಹೋಗುತ್ತದೆ. ಅದನ್ನು ಪಾಸಿನ ಖಾತೆಗೆ ವರ್ಗಾಯಿಸದಿದ್ದರೆ ಓಟದ ಆಟ ಇದ್ದದ್ದಕ್ಕಿಂತ ಸೊರಗಿದಂತೆ ಕಾಣುತ್ತದೆ. ಸೆಮಿಫೈನಲ್ ಆದ ಪೀಚ್ ಬೌಲಿನಲ್ಲಿ ಒಕ್ಲಹೋಮ ವಿರುದ್ಧ ಅರ್ಧಕ್ಕೇ 49-14, ಫಲಿತಾಂಶ ಆಗಲೇ ತೀರ್ಮಾನವಾದಂತೆ. ಇಂಥ ಆಟದ ಉತ್ತರಾರ್ಧವನ್ನು ಬೇರೆ ಹಾಳೆಯಲ್ಲಿ ಇಡಿ.

ಯಶಸ್ವಿ ಸ್ನ್ಯಾಪ್ ಯಾವುದು ಎಂಬುದಕ್ಕೆ ನಾನು ಬಳಸುವ ಅಳತೆ: ಮೊದಲ ಡೌನಿನಲ್ಲಿ ಬಾಕಿಯ ಶೇ. 50, ಎರಡನೆಯದರಲ್ಲಿ ಶೇ. 70, ಮೂರು-ನಾಲ್ಕರಲ್ಲಿ ಪೂರ್ತಿ. ಬಾಕಿ ಹತ್ತು ಗಜವಿದ್ದಾಗ ಎರಡನೇ ಡೌನಿನಲ್ಲಿ ಆರು ಗಜ ಬಂದರೂ ಅದು ಯಶಸ್ಸಲ್ಲ.

ಹೊಸದಾಗಿ ಶುರು ಮಾಡುವವರು ಆಬರ್ನ್ ಆಟವನ್ನೇ ಮೊದಲು ತೆಗೆದುಕೊಳ್ಳಿ. 23-20, ಸೀಸನ್ನಿನಲ್ಲೇ ಎಲ್‌ಎಸ್‌ಯು ಅತಿ ಕಡಿಮೆ ಅಂಕ ಗಳಿಸಿದ ಆಟ. ಆಬರ್ನ್ ಮುಂದೆ ಮೂವರನ್ನಷ್ಟೇ ನಿಲ್ಲಿಸಿ, ಒಬ್ಬನೇ ಲೈನ್‌ಬ್ಯಾಕರ್ ಇಟ್ಟು, ಏಳು ಜನರನ್ನು ಹಿಂದೆ ಹರಡಿತು. ಪಾಸಿನ ದಾರಿಗಳು ಕಿರಿದಾದವು, ಆದರೆ ಮುಂದೆ ಓಟಕ್ಕೆ ಜಾಗ ಬಿಟ್ಟುಕೊಟ್ಟಂತಾಯಿತು. ಎಡ್ವರ್ಡ್ಸ್-ಹೆಲೇರ್ ಅದೇ ಜಾಗದಲ್ಲಿ 136 ಗಜ ಓಡಿದ. ಅದಾದ ಮೇಲೆ 2020ರ ಜನವರಿ 13ರಂದು ಕ್ಲೆಮ್ಸನ್ ವಿರುದ್ಧ ನಡೆದ ಫೈನಲ್ ನೋಡಿ. ಕ್ಲೆಮ್ಸನ್ 17-7 ಮುಂದಿದ್ದ ಹೊತ್ತಿನಿಂದ ಅರ್ಧದ ವೇಳೆಗೆ 28-17 ಆಗುವವರೆಗಿನ ಸಾಲುಗಳಲ್ಲಿ, ರಿಸೀವರ್ ಜಮಾರ್ ಚೇಸ್ ಎದುರು ಕಾರ್ನರ್‌ಬ್ಯಾಕ್ ಒಬ್ಬನೇ ಉಳಿದದ್ದು ಯಾವ ಯಾವ ಸ್ನ್ಯಾಪಿನಲ್ಲಿ ಎಂದು ಗುರುತು ಹಾಕಿ. ಆ ಆಟದಲ್ಲಿ ಚೇಸ್ ಗಳಿಸಿದ 221 ಗಜದ ಗುಟ್ಟು ಅಲ್ಲಿಂದ ಬಿಡಿಸಿಕೊಳ್ಳುತ್ತಾ ಹೋಗುತ್ತದೆ.